ಹೊರಗಿನಿಂದ ತೆರೆಯದ ಬಾಗಿಲು

ಡಾಕ್ಟರ್ ಅಮಿತಾಳ ಎಡಗೈ ಮೊಣಕೈವರೆಗೆ ಒಳಗೆ ಹೋಗಿತ್ತು. ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡು ಬೆರಳ ತುದಿಯಲ್ಲೇ ನೋಡುತ್ತಿದ್ದಳು. ಹೊಸನಗರದ ಸುತ್ತಮುತ್ತ ಅವಳನ್ನು ಈ ಭಂಗಿಯಲ್ಲಿ ಕಾಣದ ಕೊಟ್ಟಿಗೆಗಳು ಕಡಿಮೆ. ಆದರೆ ಈ ಭಾನುವಾರ ಕೈ ಹೋಗಿದ್ದು ಗಬ್ಬದ ಹಸುವಿನೊಳಗಲ್ಲ, ತನ್ನದೇ ಕಾರಿನ ಬಾಗಿಲಿನೊಳಗೆ.

"ಸಿಕ್ತಾ ಡಾಕ್ಟ್ರಮ್ಮ?" ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಕನ್ನಪ್ಪ ಕೇಳಿದರು.

"ನಟ್ಟು ಸಿಕ್ತು. ಅದರ ಪಕ್ಕದಲ್ಲಿ ಇನ್ನೆಂತದೋ ಇದೆ."

ಕನ್ನಪ್ಪ ಪಕ್ಕದ ಮನೆಯವರು, ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಸ್ಕ್ರೂ ಕಂಡರೆ ಬಿಚ್ಚದೆ ಬಿಡುವ ಆಸಾಮಿಯಲ್ಲ. ಕೇರಿಯಲ್ಲಿ ಅವರ ಕೈಯಿಂದ ಬಿಚ್ಚಿಸಿಕೊಂಡ ಮಿಕ್ಸಿ, ಫ್ಯಾನುಗಳಲ್ಲಿ ಕೆಲವು ಮತ್ತೆ ತಿರುಗಿದ್ದೂ ಉಂಟು. ಬೆಳಿಗ್ಗೆಯಿಂದ ಅವರು ಗಾಜು ಇಳಿಸುವ ಹಿಡಿಕೆ ಕಿತ್ತು, ಬಾಗಿಲಿನ ಒಳಮೈಗೆ ಹೊದಿಸಿದ್ದ ಪ್ಯಾನಲ್ ಎಬ್ಬಿಸಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಬಿಡಿಸಿ ದಾರಿ ಮಾಡಿಕೊಟ್ಟಿದ್ದರು. ಮುಂದಿನ ಕಿಂಡಿ ಸಣ್ಣದು, ಅವರ ಕೈ ದಪ್ಪ. ಹಾಗಾಗಿ ಡಾಕ್ಟರ ಕೈಯೇ ಬೇಕಾಯಿತು.

ಆ ಬಾಗಿಲಿಗೆ ಹೊರಗಡೆ ಹ್ಯಾಂಡಲ್ ಇರಲಿಲ್ಲ. ಹ್ಯಾಂಡಲ್ ಇರಬೇಕಾದಲ್ಲಿ ಮುರಿದ ಪ್ಲಾಸ್ಟಿಕ್ಕಿನ ಒಂದು ಮೋಟು ಉಳಿದಿತ್ತು, ಅಷ್ಟೆ.

ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಕೋಣಂದೂರು ದಾಟಿದ ಮೇಲಿನ ತಿರುವಿನಲ್ಲಿ ಅವಳ ಕಾರು ರಸ್ತೆ ಬಿಟ್ಟು ಕೆಳಗಿನ ಹೊಂಡಕ್ಕೆ ಉರುಳಿತ್ತು. ಎಡಮಗ್ಗುಲು ಪೂರ್ತಿ ಧರೆಗೆ ಒತ್ತಿ ಕೂತಿತ್ತು. ಪೆಟ್ರೋಲ್ ಸೋರುತ್ತಿತ್ತು. ಹಿಂದಿನ ಬಾಗಿಲುಗಳಿಗೆ ಎಂದಿನಂತೆ ಲಾಕ್ ಬಿದ್ದಿತ್ತು. ತೀರ್ಥಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ತೀರ್ಥೇಶ್ ಆ ದಾರಿಯಲ್ಲಿ ಬರುತ್ತಿದ್ದವನು ಹೊಂಡಕ್ಕೆ ಹಾರಿ, ಚಾಲಕನ ಬದಿಯ ಬಾಗಿಲನ್ನು ಜಗ್ಗಿದ. ಹ್ಯಾಂಡಲ್ ಮುರಿದು ಕೈಗೆ ಬಂತು, ಬಾಗಿಲೂ ತೆರೆಯಿತು. ಬೆಲ್ಟಿನಲ್ಲಿ ಜೋತುಬಿದ್ದಿದ್ದ, ಪ್ರಜ್ಞೆಯಿಲ್ಲದ ಅಮಿತಾಳನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದ. ಊರೆಲ್ಲ ಅವನಿಗೆ ಶಾಲು ಹೊದಿಸಿತು. ಮುರಿದ ಹ್ಯಾಂಡಲ್ ಈಗಲೂ ಅವನ ಅಂಗಡಿಯ ದೇವರ ಫೋಟೋದ ಪಕ್ಕದಲ್ಲಿದೆ.

ಕಾರಿನ ಎಡಮಗ್ಗುಲನ್ನು ಗ್ಯಾರೇಜಿನವರು ಬಡಿದು ಸರಿಮಾಡಿದರು. ಬಲಬದಿಯ ಆ ಬಾಗಿಲನ್ನು ಮಾತ್ರ ಮುಟ್ಟಬೇಡಿ ಎಂದು ಅಮಿತಾಳೇ ಹೇಳಿದ್ದಳು. ಆ ಮೋಟು ಕಂಡಾಗಲೆಲ್ಲ ಅವಳಿಗೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು. ಒಬ್ಬ ಮನುಷ್ಯ ತನಗಾಗಿ ಅಷ್ಟು ಜೋರಾಗಿ ಎಳೆದಿದ್ದಾನಲ್ಲ.

ಆದರೆ ನಾಳೆಯಿಂದ ಕೆಲಸಕ್ಕೆ ಹೋಗಬೇಕು. ಮುರಿದಿದ್ದ ಬಲಗಡೆಯ ಕೊರಳೆಲುಬು ಕೂಡುತ್ತಾ ಬಂದಿದೆ. ಎಡಬಾಗಿಲಿನಿಂದ ಹತ್ತಿ, ಗೇರಿನ ಮೇಲೆ ಕಾಲು ದಾಟಿಸಿ ಸೀಟಿಗೆ ಬರುವ ಸರ್ಕಸ್ಸು ಎಷ್ಟು ದಿನ? ಕನ್ನಪ್ಪ ನಿನ್ನೆ ಸಾಗರಕ್ಕೆ ಹೋಗಿ ಹೊಸ ಹ್ಯಾಂಡಲ್ ತಂದಿದ್ದರು. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್. ಬಿಳಿ ಕಾರಿಗೆ ಕಪ್ಪು ಹ್ಯಾಂಡಲ್ ದೃಷ್ಟಿಬೊಟ್ಟು ಇದ್ದಂಗಿರತ್ತೆ ಎಂದು ತಮ್ಮ ಆಯ್ಕೆಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಅಮಿತಾ ಕೈ ಹೊರತೆಗೆದು ಟಾರ್ಚ್ ಕೇಳಿದಳು. ಬೆಳಕನ್ನು ಕಿಂಡಿಯೊಳಗೆ ಬಿಟ್ಟು ಬಗ್ಗಿ ನೋಡಿದಳು.

ಹೊರಗಿನ ಹ್ಯಾಂಡಲ್ಲಿನಿಂದ ಬಾಗಿಲಿನ ಲಾಕಿಗೆ ಒಂದು ಸಣ್ಣ ಕಬ್ಬಿಣದ ರಾಡು ಇಳಿದಿರುತ್ತದೆ. ಹ್ಯಾಂಡಲ್ ಎಳೆದರೆ ರಾಡು ಸರಿಯಬೇಕು, ರಾಡು ಸರಿದರೆ ಲಾಕ್ ಬಿಡಬೇಕು. ಆ ರಾಡು ಹ್ಯಾಂಡಲ್ಲಿನ ಮೋಟಿಗೆ ಸಿಕ್ಕಿಸಿಯೇ ಇರಲಿಲ್ಲ. ಯಾರೋ ಅದನ್ನು ಕ್ಲಿಪ್ಪಿನಿಂದ ಬಿಡಿಸಿ, ಪಕ್ಕಕ್ಕೆ ಸರಿಸಿ, ಬಾಗಿಲಿನ ಒಳಗಿನ ಪಟ್ಟಿಗೆ ದಾರದಿಂದ ಬಿಗಿದು ಕಟ್ಟಿದ್ದರು.

"ಗ್ಯಾರೇಜಿನವರ ಕೆಲಸ ಇದು," ಎಂದು ಕನ್ನಪ್ಪ ಕತ್ತರಿ ತೆಗೆದರು. "ಒಂದು ನಿಮಿಷ, ಕತ್ತರಿಸಿಬಿಡ್ತೀನಿ."

"ಮುಟ್ಟಬೇಡಿ ಕನ್ನಪ್ಪನವರೇ."

ಆ ದನಿಗೆ ಕನ್ನಪ್ಪನ ಕೈ ಅಲ್ಲೇ ನಿಂತಿತು. ಕಾಲು ಝಾಡಿಸುವ ಎಮ್ಮೆಯ ಮುಂದೆಯೂ ಡಾಕ್ಟ್ರಮ್ಮ ಇಂಥ ದನಿ ತೆಗೆದದ್ದನ್ನು ಅವರು ಕೇಳಿರಲಿಲ್ಲ.

ದಾರ ನೀಲಿ ಬಣ್ಣದ್ದು. ಹಸುಗಳ ಗಾಯಕ್ಕೆ ಹೊಲಿಗೆ ಹಾಕಲು ಅವಳೇ ತರಿಸುವ ದಾರ. ಗಂಟು ಅವಳೇ ಕಲಿಸಿದ ಗಂಟು. ಗಂಟಿನ ಮೇಲೆ, ಬೇಕಿಲ್ಲದಿದ್ದರೂ, ಇನ್ನೊಂದು ಸಣ್ಣ ಗಂಟು.

ಈ ಸೀಮೆಯಲ್ಲಿ ಆ ಎರಡನೆಯ ಗಂಟು ಹಾಕುವ ಕೈ ಒಂದೇ. ಅವಳ ಜೊತೆ ವರ್ಷಗಟ್ಟಲೆ ಹಳ್ಳಿ ಸುತ್ತಿದ ಸಹಾಯಕ ವಾಸಪ್ಪ. ಹೊಲಿಗೆ ಮುಗಿದ ಮೇಲೆ ಒಂದು ಗಂಟು ಹೆಚ್ಚಿಗೆ ಹಾಕದೆ ಅವನು ಏಳುತ್ತಿರಲಿಲ್ಲ. ಅದು ಚೌಡಿ ಪಾಲು ಅನ್ನುತ್ತಿದ್ದ. ದನ ಕಾಯುವ ದೇವರಿಗೆ ಒಂದು ಗಂಟು ಕೊಟ್ಟರೆ ಉಳಿದ ಹೊಲಿಗೆ ಅವಳೇ ನೋಡಿಕೊಳ್ಳುತ್ತಾಳಂತೆ. ದಾರ ದಂಡ ಎಂದು ಅಮಿತಾ ಮೊದಮೊದಲು ಗದರಿದ್ದಳು. ಆಮೇಲೆ ಆ ಗಂಟಿಲ್ಲದ ಹೊಲಿಗೆ ಕಂಡರೆ ಅವಳಿಗೇ ಅರ್ಧ ಕೆಲಸ ಬಾಕಿ ಉಳಿದಂತೆ ಅನ್ನಿಸತೊಡಗಿತ್ತು.

ವಾಸಪ್ಪ ಈಗ ಕಳ್ಳ. ಅಪಘಾತವಾದ ದಿನ ಬೆಳಗಿನ ಪೂಜೆಗೆ ಗುಡಿಯ ಬಾಗಿಲು ತೆರೆದಾಗ ಕಲ್ಲುಹೊಳೆ ಈಶ್ವರನ ಬೆಳ್ಳಿ ಮುಖವಾಡ ಇರಲಿಲ್ಲ. ಹಿಂದಿನ ದಿನ ಆ ದೇವಸ್ಥಾನದ ಹೋರಿಗೆ ಔಷಧಿ ಹಾಕಲು ಹೋಗಿದ್ದ ವಾಸಪ್ಪ ಅಪಘಾತದ ದಿನದಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಆ ದಿನ ಬೆಳಿಗ್ಗೆ ಅವನು ಚೀಲ ಹಿಡಿದು ರಿಪ್ಪನ್‌ಪೇಟೆಯಲ್ಲಿ ಸಾಗರದ ಬಸ್ಸು ಹತ್ತಿದ್ದನ್ನು ನೋಡಿದೆ ಎಂದು ಹೇಳಿದ್ದು ತೀರ್ಥೇಶ್. ಕಾರಿನಲ್ಲಿ ಡಾಕ್ಟರೊಬ್ಬರೇ ಇದ್ದರು ಎಂದು ಹೇಳಿದ್ದೂ ತೀರ್ಥೇಶ್. ಒಂದು ಜೀವ ಉಳಿಸಿದವನ ಮಾತನ್ನು ತಿರುಗಿಸಿ ಕೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಅಮಿತಾಳಿಗಂತೂ ಆ ಬೆಳಗು ನೆನಪಿಲ್ಲ. ಹಿಂದಿನ ಸಂಜೆ ಮನೆಗೆ ಬಂದು ಕಾರು ನಿಲ್ಲಿಸಿದ್ದು ನೆನಪಿದೆ, ಆಮೇಲೆ ಕಣ್ಣು ಬಿಟ್ಟಿದ್ದು ಆಸ್ಪತ್ರೆಯಲ್ಲಿ. ನಡುವಿನದು ಅಳಿಸಿಹೋಗಿದೆ, ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ಆಸ್ಪತ್ರೆಯ ಡಾಕ್ಟರು. ಆದರೂ ಪೊಲೀಸರು ಕೇಳಿದಾಗ ಕಾರಿನಲ್ಲಿ ನಾನೊಬ್ಬಳೇ ಇದ್ದೆ ಎಂದು ಹೇಳಿದ್ದಳು. ತೀರ್ಥೇಶ್ ಹೇಳಿದ ಮೇಲೆ ಇನ್ನೇನು ಎಂಬ ನಂಬಿಕೆ. ನಾಳೆ ಠಾಣೆಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿ ಸಹಿ ಹಾಕುವುದಿತ್ತು. ಆ ಸಹಿ ಬಿದ್ದರೆ ವಾಸಪ್ಪನ ಪರ ಹೇಳಲು ಏನೂ ಉಳಿಯುವುದಿಲ್ಲ.

ಕಳೆದ ವಾರ ವಾಸಪ್ಪನ ಮಗಳು ಧನ್ಯಶ್ರೀ ಬಂದಿದ್ದಳು. ತೀರ್ಥಹಳ್ಳಿಯಲ್ಲಿ ಕಾಲೇಜು ಓದುವ ಹುಡುಗಿ. ಕೂತುಕೊ ಎಂದರೆ ಕೂರಲಿಲ್ಲ, ಕಾಫಿ ಕುಡಿಯಲಿಲ್ಲ. ಅಪ್ಪ ಅವತ್ತು ನಿಮ್ಮ ಜೊತೆ ಇದ್ದರಾ ಎಂದಷ್ಟೇ ಕೇಳಿದಳು. ಇರಲಿಲ್ಲಮ್ಮ ಎಂದು ಅಮಿತಾ ಹೇಳಿ ಕಳಿಸಿದ್ದಳು. ಆ ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಗೇಟು ಹಾಕಿ ಹೋದದ್ದು ಈಗ ಕಣ್ಣ ಮುಂದೆ ಬಂತು.

"ಕನ್ನಪ್ಪನವರೇ, ಹಿಂದಿನ ದಿನ ಸಂಜೆ ನಾನು ಇದೇ ಹ್ಯಾಂಡಲ್ ಎಳೆದು ಕಾರು ಹತ್ತಿದ್ದೀನಿ. ಅದು ನೆನಪಿದೆ. ಎಳೆದಾಗ ಕರಕರ ಅಂತು. ವಾಸಪ್ಪ ನೋಡಿ, ಬಿರುಕು ಬಿಟ್ಟಿದೆ, ಬೆಳಿಗ್ಗೆ ನೋಡ್ತೀನಿ ಅಂದ."

ಕನ್ನಪ್ಪ ಕತ್ತರಿಯನ್ನು ನೆಲಕ್ಕಿಟ್ಟರು. ಪೊಲೀಸ್ ಬುದ್ಧಿ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಈ ಗಂಟು ಹಾಕಿದವನು ಆ ಹೊತ್ತಿಗೆ ರಿಪ್ಪನ್‌ಪೇಟೆಯಲ್ಲಿ ಬಸ್ಸು ಹತ್ತುವುದು ಹೇಗೆ ಎಂದು ಅವರೇ ಶುರುಮಾಡಿದರು. ಬಿರುಕು ಬಿಟ್ಟ ಹ್ಯಾಂಡಲ್ ಜೋತುಬಿದ್ದರೆ ರಾಡನ್ನೂ ಜಗ್ಗುತ್ತದೆ, ಓಡುವಾಗ ಬಾಗಿಲು ತಾನಾಗಿ ತೆರೆದುಕೊಳ್ಳಬಹುದು, ಅದಕ್ಕೇ ಬಿಡಿಸಿ ಕಟ್ಟಿದ್ದಾನೆ ಎಂದರು. ಹಾಗೆ ಕಟ್ಟಿದ ಮೇಲೆ ಈ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ, ಹೊರಗಿನಿಂದ ಯಾರು ಎಳೆದರೂ ಇಲ್ಲ ಎಂದೂ ಹೇಳಿದರು.

ಇಬ್ಬರಿಗೂ ಒಂದೇ ಸಲ ಹೊಳೆದಿತ್ತು. ಕಾರು ಸಿಕ್ಕಾಗ ಬಾಗಿಲು ತೆರೆದಿತ್ತು. ಗಾಜುಗಳೆಲ್ಲ ಏರಿಸಿದ್ದವು, ಒಂದೂ ಒಡೆದಿರಲಿಲ್ಲ.

ನೀವೇ ಒಳಗಿನಿಂದ ತೆರೆದಿರಬಹುದಲ್ಲ ಎಂದು ಕನ್ನಪ್ಪ ಕೇಳಿ ನೋಡಿದರು. ಅಮಿತಾ ಬಲ ಹೆಗಲನ್ನು ಮುಟ್ಟಿ ತೋರಿಸಿದಳು. ಕೊರಳೆಲುಬು ಮುರಿದು, ಪ್ರಜ್ಞೆ ತಪ್ಪಿ, ಬೆಲ್ಟಿನಲ್ಲಿ ಸಿಕ್ಕಿಕೊಂಡವಳು ಬಾಗಿಲು ತೆರೆಯುವುದೆಂದರೇನು?

ಅಂದರೆ ಒಳಗೆ ಇನ್ನೊಬ್ಬರು ಇದ್ದರು.

ಅವಳು ಮತ್ತೆ ಕಿಂಡಿಯೊಳಗೆ ಕೈ ಹಾಕಿ ಆ ಸಣ್ಣ ಗಂಟನ್ನು ಬೆರಳಿನಿಂದ ಸವರಿದಳು. ಕಾರು ಉರುಳುವಾಗ ಈ ಬಾಗಿಲು ತೆರೆದುಕೊಂಡಿದ್ದರೆ, ಬೆಲ್ಟಿದ್ದರೂ ಅವಳ ತಲೆ ಹೊರಗೆ ವಾಲಿ ಕಾರಿನಡಿ ಸಿಕ್ಕುತ್ತಿತ್ತು. ಮೂರು ವಾರ ಅವಳು ಬಾಗಿಲಿನ ಹೊರಗಿನ ಮೋಟಿಗೆ ಕೈ ಮುಗಿದಿದ್ದಳು. ತನ್ನನ್ನು ಮೊದಲು ಕಾಪಾಡಿದ್ದು ಒಳಗಡೆ, ಯಾರಿಗೂ ಕಾಣದ ಜಾಗದಲ್ಲಿ ಇತ್ತು. ವಾಸಪ್ಪನಿಗೆ ಒಂದು ಮಾತು ಹೇಳಬೇಕಿತ್ತು ಅನ್ನಿಸಿ ಕಣ್ಣು ತುಂಬಿಬಂತು. ಹೇಳೋಣವೆಂದರೆ ಅವನೆಲ್ಲಿ?

ಠಾಣೆಗೆ ಫೋನ್ ಮಾಡುತ್ತೇನೆಂದು ಕನ್ನಪ್ಪ ಎದ್ದರು. ಅಮಿತಾ ತಡೆದಳು. ಇವತ್ತು ಹೇಗೂ ತೀರ್ಥೇಶ್ ಬರುತ್ತಾನೆ, ಭಾನುವಾರ ತಪ್ಪಿಸುವುದಿಲ್ಲ. ಏನೇ ಇರಲಿ, ಹೊಂಡದಿಂದ ಹೊತ್ತು ತಂದವನು. ಅವನನ್ನು ಕೇಳುವುದಿದ್ದರೆ ತನ್ನ ಮನೆಯಲ್ಲಿ, ಕಾಫಿ ಕೊಟ್ಟು ಕೇಳಬೇಕು ಎಂದಳು. ಕಾಫಿ ಕೊಟ್ಟರೆ ಯಾರೂ ನಿಜ ಹೇಳುವುದಿಲ್ಲ ಡಾಕ್ಟ್ರಮ್ಮ ಎಂದು ಗೊಣಗಿ ಕನ್ನಪ್ಪ ಕೂತರು.

ತೀರ್ಥೇಶ್ ಬಂದಾಗ ಹನ್ನೊಂದರ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಕೈಯಲ್ಲಿ ಚಕ್ಕೋತ ಹಣ್ಣಿನ ಚೀಲ. ದಪ್ಪ ಮೀಸೆಯ, ಅಗಲ ಭುಜದ ಮನುಷ್ಯ. ನಕ್ಕರೆ ಮೀಸೆಯೇ ನಕ್ಕಂತೆ ಕಾಣುತ್ತಿತ್ತು. ಹಾಡಹಗಲಲ್ಲಿ ಬಿಚ್ಚಿ ಹರಡಿದ್ದ ಬಾಗಿಲನ್ನು ಕಂಡದ್ದೇ ಆ ನಗು ಅರ್ಧಕ್ಕೆ ನಿಂತಿತು. ಕನ್ನಪ್ಪ ಅದನ್ನು ನೋಡಿದರು. ಅಮಿತಾ ನೋಡಬಾರದೆಂದುಕೊಂಡರೂ ನೋಡಿದಳು.

ಹೆಗಲು ಹೇಗಿದೆ ಎಂದು ಕೇಳಿದ. ಊಟ ಸೇರುತ್ತದಾ ಎಂದು ಕೇಳಿದ. ಪ್ರತಿ ವಾರದಂತೆ, ಏನಾದರೂ ನೆನಪಾಯಿತಾ ಮೇಡಂ ಎಂದೂ ಕೇಳಿದ. ಇಷ್ಟು ದಿನ ಅದು ಅಕ್ಕರೆಯ ಮಾತಾಗಿ ಕೇಳಿಸಿತ್ತು. ಇವತ್ತು ಹಾಗೆ ಕೇಳಿಸಲಿಲ್ಲ. ಅಮಿತಾ ಕಾಫಿ ಲೋಟವನ್ನು ಅವನ ಕೈಗಿತ್ತಳು.

ಅವನು ಕಾಫಿ ಕುಡಿದು ಲೋಟ ಕೆಳಗಿಡುವವರೆಗೆ ಕಾದಳು.

"ತೀರ್ಥೇಶಣ್ಣ, ಬೇಜಾರು ಮಾಡ್ಕೋಬೇಡಿ. ಅವತ್ತು ಬಾಗಿಲು ಮೊದಲು ತೆರೀತಾ, ಹ್ಯಾಂಡಲ್ ಮೊದಲು ಮುರೀತಾ?"

"ಎರಡೂ ಒಟ್ಟಿಗೇ ಮಾರಾಯ್ರೆ. ಆ ಗಡಿಬಿಡೀಲಿ ಯಾರು ನೋಡ್ತಾರೆ."

"ಒಳಗೆ ಬಗ್ಗಿ ನೋಡಿ."

ಟಾರ್ಚನ್ನು ಅವಳೇ ಹಿಡಿದಳು. ರಾಡು ತೋರಿಸಿದಳು, ದಾರ ತೋರಿಸಿದಳು. ಇದು ಅವತ್ತು ಬೆಳಿಗ್ಗೆಯಿಂದ ಹೀಗೇ ಇದೆ, ಆನೆ ಬಂದು ಎಳೆದಿದ್ದರೂ ಈ ಬಾಗಿಲು ಹೊರಗಿನಿಂದ ತೆರೆಯುತ್ತಿರಲಿಲ್ಲ ಎಂದಳು. ಜೀವ ಕೊಟ್ಟವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೇನಲ್ಲ ಅನ್ನಿಸಿತು. ಆದರೆ ಗೇಟು ಹಾಕಿಕೊಂಡು ಹೋದ ಹುಡುಗಿಯ ಬೆನ್ನು ಕಣ್ಣಿನಿಂದ ಸರಿಯಲಿಲ್ಲ.

ತೀರ್ಥೇಶ್ ಕಿಂಡಿಗೆ ಮುಖ ಹತ್ತಿರ ಮಾಡಿದ. ಅವನು ನೋಡುತ್ತಿದ್ದದ್ದು ರಾಡನ್ನಲ್ಲ.

"ಚೌಡಿ ಪಾಲು," ಎಂದ ಮೆಲ್ಲಗೆ. "ನಮ್ಮ ಕೊಟ್ಟಿಗೆಯ ಹೊಲಿಗೆಗೆಲ್ಲ ಹಾಕಿದ್ದ."

ಅಲ್ಲಿಗೆ ಅವನ ಗಟ್ಟಿತನ ಮುಗಿಯಿತು. ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ನೀರು ಕೇಳಿದ. ಕನ್ನಪ್ಪ ಚೊಂಬು ತಂದುಕೊಟ್ಟರು, ಆದರೆ ಗೇಟಿನ ಕಡೆಗೆ ಬೆನ್ನು ಕೊಟ್ಟು ನಿಂತರು.

ಹ್ಯಾಂಡಲ್ ಮುರಿದದ್ದು ಸುಳ್ಳಲ್ಲ ಎಂದು ತೀರ್ಥೇಶ್ ಶುರುಮಾಡಿದ. ಅವನು ಎಳೆದ, ಅದು ಕೈಗೆ ಬಂತು, ಬಾಗಿಲು ಮಿಸುಕಲಿಲ್ಲ. ಗಾಜು ಒಡೆಯಲು ಕಲ್ಲು ಹುಡುಕುತ್ತಿದ್ದಾಗ ಒಳಗಿನಿಂದ ಒಂದು ಕೈ ಬಂದು ಬಾಗಿಲು ಬಿಡಿಸಿತು. ವಾಸಪ್ಪ ಪಕ್ಕದ ಸೀಟಿನಿಂದ ಅಮಿತಾಳ ಮೇಲೆ ಬಾಗಿ, ಅವಳ ತಲೆ ವಾಲದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಮೊದಲು ಡಾಕ್ಟರನ್ನು ಇಳಿಸಿ ಎಂದ. ಬೆಲ್ಟು ಬಿಚ್ಚಿದ್ದೂ ಅವನೇ.

ಅಮಿತಾ ಟಾರ್ಚ್ ಆರಿಸಿದಳು. ಬದುಕಿದ್ದಾನೆ. ಅವನು ತನ್ನ ಜೊತೆಗಿದ್ದ, ತನ್ನ ತಲೆ ಹಿಡಿದುಕೊಂಡಿದ್ದ, ಮತ್ತು ಬದುಕಿದ್ದಾನೆ. ಇನ್ನೇನು ಬೇಕು ಅನ್ನಿಸಿತು ಆ ಕ್ಷಣಕ್ಕೆ. ಎದುರು ಕೂತ ಮನುಷ್ಯನ ಮೇಲೆ ಅರ್ಧ ಗಂಟೆಯಿಂದ ಬೆಳೆದಿದ್ದ ಸಂಶಯ ಕರಗಿತು. ಇಬ್ಬರು ಸೇರಿ ತನ್ನನ್ನು ಉಳಿಸಿದ್ದಾರೆ, ಒಬ್ಬರಲ್ಲ. ಅವಳು ಅವನಿಗೆ ಕೈ ಮುಗಿದಳು.

"ಕೈ ಮುಗೀಬೇಡಿ ಮೇಡಂ," ಎಂದು ತೀರ್ಥೇಶ್ ಮುಖ ತಿರುಗಿಸಿದ. "ಪೂರ್ತಿ ಕೇಳಿ ಮೊದಲು."

ಕನ್ನಪ್ಪ ನಡುವೆ ಬಂದರು. ಹಾಗಾದರೆ ಬಸ್ಸು ಹತ್ತಿದ್ದು ಕಂಡೆ ಎಂದು ಠಾಣೆಯಲ್ಲಿ ಹೇಳಿದ್ದು ಯಾಕೆ ಎಂದು ಕೇಳಿದರು. ಆ ಕೇಳುವ ರೀತಿಯಲ್ಲಿ ಹಳೆಯ ಖಾಕಿ ಇತ್ತು.

ವಾಸಪ್ಪನೇ ಹಾಗೆ ಹೇಳು ಅಂದಿದ್ದ ಎಂದ ತೀರ್ಥೇಶ್. ತಾನು ಕಾರಿನಲ್ಲಿ ಇದ್ದದ್ದು ಯಾರಿಗೂ ಗೊತ್ತಾಗಬಾರದು, ಡಾಕ್ಟರಿಗೂ ಸಹ ಎಂದು ಆಣೆ ಹಾಕಿಸಿಕೊಂಡಿದ್ದನಂತೆ. ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷ ವಾಸಪ್ಪ ತೀರ್ಥೇಶನ ಕೊಟ್ಟಿಗೆಯಲ್ಲೇ ಮಲಗಿ ಒಂದೊಂದೇ ದನವನ್ನು ಎಬ್ಬಿಸಿ ನಿಲ್ಲಿಸಿದ್ದ. ಆ ಋಣಕ್ಕೆ ಮಾತು ಕೊಟ್ಟೆ, ಶಾಲು ಹೊದೆಯುವಾಗೆಲ್ಲ ಬೆಂಕಿ ಹೊದ್ದಂಗಾಗ್ತಿತ್ತು ಎಂದ.

"ಕಳ್ಳ ಅನ್ನಿಸ್ಕೊಂಡ್ರೂ ಪರವಾಗಿಲ್ಲ ಅಂತ ಯಾರಾದ್ರೂ ಕೇಳ್ಕೊಳ್ತಾರಾ?" ಅಮಿತಾ ಕೇಳಿದಳು. "ಎಂತಕ್ಕೆ?"

ತೀರ್ಥೇಶ್ ಚೊಂಬನ್ನು ಕೆಳಗಿಟ್ಟ. ಹೇಳದೆ ಇರಲಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

"ಕಾರು ಮಗುಚಿದಾಗ ನಿಮ್ಮ ಔಷಧಿ ಪೆಟ್ಟಿಗೆ ಒಡೆದು ಸಾಮಾನೆಲ್ಲ ಹರಡಿತ್ತು ಮೇಡಂ. ಅದರೊಳಗೆ ನಿಮ್ಮ ಟವೆಲ್ಲಲ್ಲಿ ಸುತ್ತಿಟ್ಟಿದ್ದೊಂದು ಕಂಡಿದ್ದು ಆಗಲೇ. ವಾಸಪ್ಪಣ್ಣಂಗೂ ಗೊತ್ತಿರಲಿಲ್ಲ. ಬಿಚ್ಚಿ ನೋಡಿದವನೇ ಮತ್ತೆ ಸುತ್ತಿಬಿಟ್ಟ."

"ಎಂತ ಕಂಡಿದ್ದು?"

"ಈಶ್ವರನ ಮುಖವಾಡ. ಇದು ನನ್ನ ಹತ್ರ ಸಿಗಲಿ, ಅವರ ಹತ್ರ ಸಿಗೋದು ಬೇಡ ಅಂದ. ಚೀಲಕ್ಕೆ ಹಾಕ್ಕೊಂಡು ಕಾಡು ಹತ್ತಿದ."

ಅಮಿತಾ ಕನ್ನಪ್ಪನ ಕಡೆ ತಿರುಗಿದಳು, ಏನಾದರೂ ಹೇಳಲಿ ಎಂದು. ಕನ್ನಪ್ಪ ಅವಳನ್ನೇ ನೋಡುತ್ತಿದ್ದರು. ದಿನಾ ಬೆಳಿಗ್ಗೆ ಬೇಲಿಯಾಚೆಯಿಂದ ಕಾಣುವ ನೆರೆಮನೆಯ ಮುಖವಲ್ಲ ಅದು. ಅರ್ಧ ಗಂಟೆಯ ಮುಂಚೆ ತೀರ್ಥೇಶನನ್ನು ನೋಡುತ್ತಿದ್ದ ಮುಖ.

"ಡಾಕ್ಟ್ರಮ್ಮ," ಎಂದರು, "ಅವತ್ತು ಬೆಳಗಿನ ಜಾವ ನೀವು ಕಲ್ಲುಹೊಳೆಗೆ ಹೋಗಿದ್ರಾ?"

ಇಲ್ಲ ಎನ್ನಲು ಅಮಿತಾ ಬಾಯಿ ತೆರೆದಳು. ಆ ಮಾತು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.